ಬಾಯಿ ಬಾರದ ಪ್ರಾರ್ಥನೆ

ಮೃಣಾಲಿನಿಗೆ ಪ್ರಾರ್ಥನೆ ಮಾಡಲು ಬರುತ್ತಿರಲಿಲ್ಲ. ಕ್ರೈಸ್ತರ ಮನೆಯಲ್ಲಿ, ಅದೂ ಬೆಟಗೇರಿಯ ದಾನಿಯೇಲಪ್ಪ ಮಾಸ್ತರರ ಮಗಳಾಗಿ ಹುಟ್ಟಿ, ಮೂವತ್ತೆಂಟು ತುಂಬಿದರೂ ನಾಲ್ಕು ಜನರೆದುರು ಬಾಯಿಬಿಟ್ಟು ಒಂದು ಪ್ರಾರ್ಥನೆ ಹೇಳಲಾರಳು ಅಂದರೆ ಯಾರಾದರೂ ನಂಬುತ್ತಾರೆಯೇ? ನಂಬಬೇಕು. ಆ ಮಾಸ್ತರರೇ ಅದಕ್ಕೆ ಕಾರಣ.

ಮಾಸ್ತರರ ಪ್ರಾರ್ಥನೆ ಓಣಿಗೆಲ್ಲ ಹೆಸರುವಾಸಿ. ಎದ್ದು ನಿಂತರೆ ಮುಕ್ಕಾಲು ಗಂಟೆ, ಒಂದು ಮಾತು ಆಚೀಚೆ ಆಗುವಂತಿಲ್ಲ. ಮಕ್ಕಳೂ ಹಾಗೇ ಮಾಡಬೇಕು! ಎಂಟು ವರ್ಷದ ಮೃಣಾಲಿನಿ ಒಂದು ಸಂಜೆ ನಡುವೆ ತಡವರಿಸಿದಳು. ಮಾಸ್ತರರು ಮುಚ್ಚಿದ ಕಣ್ಣು ತೆರೆಯದೆ ರೂಲುಕಟ್ಟಿಗೆಯಿಂದ ಅವಳ ಮೊಣಕಾಲಿಗೆ ಒಂದು ಬಿಟ್ಟರು. "ದೇವರ ಮುಂದ ತೊದಲತೀಯೇನ?" ಅವತ್ತಿನಿಂದ ಪ್ರಾರ್ಥನೆ ಅಂದರೆ ಸಾಕು, ಅವಳ ಗಂಟಲು ಕಟ್ಟುತ್ತದೆ, ಅಂಗೈ ತಣ್ಣಗಾಗುತ್ತದೆ. ಬೇರೆಲ್ಲ ಮಾತಿಗೆ ಅವಳ ಬಾಯಿ ಚೆನ್ನಾಗಿಯೇ ಇತ್ತು, ತರಕಾರಿಯವನನ್ನು ಕೇಳಿದರೆ ಗೊತ್ತಾದೀತು.

ಗಂಡ ಸುಮಂತ ನೌಕಾಪಡೆಯವನು. ವಿಶಾಖಪಟ್ಟಣದ ಮಧುರವಾಡದಲ್ಲಿ ಬಾಡಿಗೆ ಮನೆ. ಹಡಗು ಹತ್ತಿದನೆಂದರೆ ಎರಡು ಮೂರು ತಿಂಗಳು ಅವನ ಸುದ್ದಿಯೇ ಇಲ್ಲ. ಇವರ ಮನೆತನಗಳಲ್ಲಿ ಒಂದು ಪದ್ಧತಿ: ಹೊಸ್ತಿಲು ದಾಟುವವರ ತಲೆಯ ಮೇಲೆ ಹಿರಿಯರು ಕೈಯಿಟ್ಟು ಪ್ರಾರ್ಥನೆ ಮಾಡಿಯೇ ಕಳಿಸಬೇಕು. ಸುಮಂತ ಇದ್ದಾಗ ಅವನು ಮಾಡುತ್ತಿದ್ದ. ಮಗಳು ಇಂಚರಾ ಒಂದನೇ ಕ್ಲಾಸಿಗೆ ಹೊರಟ ದಿನ ಅವನು ಸಮುದ್ರದಲ್ಲಿದ್ದ. ಹುಡುಗಿ ಬ್ಯಾಗು ಹಾಕಿಕೊಂಡು ತಾಯಿಯ ಮುಂದೆ ತಲೆ ಬಗ್ಗಿಸಿ ನಿಂತುಬಿಟ್ಟಳು. ಕೆಳಗೆ ಸ್ಕೂಲ್ ಆಟೋದವನ ಹಾರ್ನ್ ಬೇರೆ.

ಮೃಣಾಲಿನಿ ಕೈಯಿಟ್ಟಳು, ಕಣ್ಣು ಮುಚ್ಚಿದಳು. ಒಂದಕ್ಷರ ಹೊರಡಲಿಲ್ಲ. ಹೊರಗಿನ ಮಾತು ಹೋಗಲಿ, ಒಳಗಾದರೂ ಏನಾದರೂ ಇತ್ತೇ? ಇದ್ದದ್ದು ಬರೀ ಭಯ. ಹೆದ್ದಾರಿಯ ಲಾರಿಗಳ ಭಯ, ಸಮುದ್ರದಲ್ಲಿರುವವನ ಭಯ, ತನಗೇನಾದರೂ ಆದರೆ ಈ ತೆಲುಗು ಸೀಮೆಯಲ್ಲಿ ಮಗುವಿಗೆ ಯಾರು ಅನ್ನುವ ಭಯ. ಸ್ವಲ್ಪ ಹೊತ್ತು ಹಾಗೇ ನಿಂತು "ಆಮೆನ್" ಅಂದಳು. ಮಗುವೂ "ಆಮೆನ್" ಅಂದು ಮೆಟ್ಟಿಲಿಳಿದು ಓಡಿತು.

ಸುಮಂತ ಹಡಗಿನಲ್ಲಿದ್ದಾಗೆಲ್ಲ, ಆರು ವರ್ಷ ಹೀಗೇ ನಡೆಯಿತು. ಅಮ್ಮ ಮನಸ್ಸಿನಲ್ಲೇ ಪ್ರಾರ್ಥಿಸುತ್ತಾಳೆ ಅಂತ ಮಗಳು ನಂಬಿರಬೇಕು. ಇದು ಮೋಸವಲ್ಲದೆ ಇನ್ನೇನು ಅಂತ ಮೃಣಾಲಿನಿ ದಿನಾ ಕೊರಗುತ್ತಿದ್ದಳು. ಒಂದಲ್ಲ ಒಂದು ದಿನ ಇವಳಿಗೆ ಗೊತ್ತಾಗುತ್ತದೆ. ಅಮ್ಮನ ಪ್ರಾರ್ಥನೆ ಖಾಲಿ ಅಂತ ತಿಳಿದ ಹುಡುಗಿ ದೇವರೂ ಖಾಲಿ ಅಂದುಕೊಂಡರೆ?

2006ರ ಆಗಸ್ಟಿನಲ್ಲಿ ವಿಜಯವಾಡದಿಂದ ಅಣ್ಣನ ಫೋನ್ ಬಂತು. ಮಾಸ್ತರರು ನಿವೃತ್ತರಾಗಿ ಭವಾನಿಪುರಂನಲ್ಲಿ ಅವನ ಮನೆಯಲ್ಲೇ ಇದ್ದರು. "ಅಪ್ಪಗ ಲಕ್ವಾ ಹೊಡದೈತಿ. ಬಲಗಡೆ ಪೂರ್ತಿ ಬಿದ್ದೈತಿ, ಮಾತು ಹೋಗೈತಿ. ಪ್ರಾರ್ಥನಾ ಮಾಡಾಕ ಬಂದೋರನ್ನೆಲ್ಲ ಓಡಸಾಕತ್ತಾರ. ಪಾಸ್ಟರಗಾರು ಬಂದ್ರ ಸ್ಟೀಲ್ ಲೋಟ ಎತ್ತಿ ಒಗದ್ರು. ಮಗಳಂತ ನೀನರ ಬಂದು ಪ್ರಾರ್ಥನಾ ಮಾಡು."

ಮಾಡು ಅಂತೆ! ಹೋಗದಿದ್ದರೆ ಅಪ್ಪನ ಮುಖ ಸಿಗುವುದಿಲ್ಲ. ಹೋದರೆ ಅಪ್ಪನೆದುರೇ, ಮಗಳೆದುರೇ, ಗುಟ್ಟು ರಟ್ಟು. ಮರುದಿನ ಮಗಳನ್ನು ಕರೆದುಕೊಂಡು ಬೆಳಗಿನ ರೈಲು ಹತ್ತಿ, ಕಾಗದದ ಮೇಲೆ ಒಂದು ಪ್ರಾರ್ಥನೆ ಬರೆದುಕೊಂಡು ಬಾಯಿಪಾಠಕ್ಕೆ ಕೂತಳು. ತುನಿ ದಾಟುವಷ್ಟರಲ್ಲಿ ಪೂರ್ತಿ ಬಂತು. ಗೋದಾವರಿ ಸೇತುವೆಯ ಮೇಲೆ ರೈಲು ಧಡಧಡ ಅಂದಾಗ ಪೂರ್ತಿ ಹೋಯಿತು.

"ಎಂದುಕು ಮಮ್ಮಿ, ಯಾಕ ಇಷ್ಟು ಬೆವರಾಕತ್ತಿ?" ಅಂದಳು ಇಂಚರಾ.

"ಸೆಖೆ" ಅಂದಳು.

ಮಾಸ್ತರರು ಮಂಚದ ಮೇಲೆ ಅರ್ಧ ಒರಗಿದ್ದರು. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು. ಕಣ್ಣು ಮಾತ್ರ ಅದೇ ಹಳೆಯ ಕಣ್ಣು, ಮೃಣಾಲಿನಿಯನ್ನು ನೆಟ್ಟಗೆ ನೋಡಿತು. ಅಣ್ಣನ ಹೆಂಡತಿ ಪಂಕಜಾ ಸೆರಗು ತಲೆಗೆ ಹೊದ್ದು ಸಿದ್ಧಳಾದಳು. "ನಿಮ್ಮ ಮಗಳು ಬಂದಾಳ್ರಿ ಮಾವಾರ. ನಡಿ ಮೃಣಾಲಿನಿ, ಶುರು ಮಾಡು. ಮಾಸ್ತರ ಮಗಳಿಗೆ ನಾವೇನ ಹೇಳಿಕೊಡೂದೈತಿ?"

ಎಲ್ಲರೂ ಕಣ್ಣು ಮುಚ್ಚಿದರು. ಮೃಣಾಲಿನಿ ಬಾಯಿ ತೆರೆದಳು. ಒಂದು ನಿಮಿಷ, ಎರಡು ನಿಮಿಷ. ಫ್ಯಾನು ತಿರುಗುತ್ತಿದೆ, ಅಣ್ಣ ಕೆಮ್ಮಿದ, ಪಂಕಜಾ ಒಂದು ಕಣ್ಣು ತೆರೆದು ನೋಡಿದಳು. ಅಯ್ಯೋ ದೇವರೇ, ಈ ನೆಲ ಬಾಯಿಬಿಡಬಾರದೇ!

ಆಗ ಇಂಚರಾ ಮಂಚದ ಹತ್ತಿರ ಹೋಗಿ ಅಜ್ಜನ ತಲೆಯ ಮೇಲೆ ಕೈಯಿಟ್ಟಳು. ಕಣ್ಣು ಮುಚ್ಚಿ ಸುಮ್ಮನೆ ನಿಂತಳು.

ಮಾಸ್ತರರ ಎಡಗೈ ಮೇಲೆದ್ದಿತು. "ಬ್ಯಾಡಪ್ಪಾ, ಹೊಡೀಬ್ಯಾಡ್ರಿ!" ಅಂತ ಮೃಣಾಲಿನಿ ನುಗ್ಗಿ ಆ ಕೈ ಹಿಡಿಯಲು ಹೋದಳು. ಅಷ್ಟರಲ್ಲಿ ಆ ಕೈ ಹುಡುಗಿಯ ಮಣಿಕಟ್ಟನ್ನು ಹಿಡಿದಾಗಿತ್ತು, ಎಲ್ಲಿ ಎತ್ತಿಬಿಡುತ್ತಾಳೋ ಅನ್ನುವ ಹಾಗೆ ಭದ್ರವಾಗಿ. ಹತ್ತಿರದಿಂದ ನೋಡಿದ ಮೇಲೆ ಮೃಣಾಲಿನಿಗೆ ತಿಳಿಯಿತು: ಅಪ್ಪನ ಕಣ್ಣಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು. ಮಾತು ಹೋದ ಮೇಲೆ ತನಗಿನ್ನು ದೇವರ ಹತ್ತಿರ ಹೋಗಲಾಗದು ಅಂತ ಆ ಮನುಷ್ಯ ಹೆದರಿ ಹೆದರಿ ಸಾಯುತ್ತಿದ್ದ; ಮಾತು ಬರುವವರ ಪ್ರಾರ್ಥನೆ ಸಹಿಸಲಾಗದೆ ಅವರನ್ನೆಲ್ಲ ಓಡಿಸುತ್ತಿದ್ದ.

"ಇದ್ಯಾವ ಪ್ರಾರ್ಥನಾ? ಒಂದು ಮಾತರ ಬ್ಯಾಡೇನ?" ಅಂದಳು ಪಂಕಜಾ.

"ನಮ್ಮನ್ಯಾಗ ಹಿಂಗ, ಅತ್ತಿ" ಅಂದಳು ಇಂಚರಾ. "ಅಜ್ಜಾ, ಮಾತು ಬೇಕಿಲ್ಲ. ಮಮ್ಮಿ ನಂಗ ಹಿಂಗ ಕಲಿಸ್ಯಾಳ."

ಮುದುಕನ ಕಣ್ಣಿಂದ ದಳದಳ ನೀರಿಳಿಯಿತು. ಮೃಣಾಲಿನಿಗೆ ತಡೆಯಲಾಗಲಿಲ್ಲ. ಇಷ್ಟು ದೊಡ್ಡ ಸುಳ್ಳನ್ನು ಸಾಯುವ ಮನುಷ್ಯನ ತಲೆಯ ಮೇಲೂ ಹೊರಿಸುವುದೇ?

"ಇಂಚರಾ, ನಾ ಏನೂ ಕಲಿಸಿಲ್ಲವ್ವ" ಅಂದಳು. "ನಂಗ ಪ್ರಾರ್ಥನಾ ಬರೂದಿಲ್ಲ. ಆರು ವರ್ಷ ನಿನ್ನ ತಲಿ ಮ್ಯಾಲ ಬರೇ ಕೈ ಇಟ್ಟೀನಿ. ಒಳಗ ಏನೂ ಇರತಿರಲಿಲ್ಲ. ಬರೇ ಅಂಜಿಕಿ."

ಹೇಳಿಬಿಟ್ಟಳು. ಇನ್ನು ಮಗಳ ಮುಖ ನೋಡಬೇಕಲ್ಲ! ನೋಡಲು ಧೈರ್ಯ ಸಾಲದೆ ಅವಳು ಮಂಚದ ಕಾಲನ್ನೇ ನೋಡುತ್ತ ನಿಂತಳು.

"ಗೊತ್ತು ಮಮ್ಮಿ" ಅಂದಳು ಹುಡುಗಿ. "ದಿನಾ ನಿನ್ನ ಕೈ ಗಡಗಡ ನಡಗತಿತ್ತು. ಅಷ್ಟು ಅಂಜಿಕೋತನೂ ಒಂದು ದಿನಾ ತಪ್ಪಸಲಿಲ್ಲ ನೀನು. ಕೇಳಾಕ ಅಲ್ಲಿ ಯಾರೂ ಇಲ್ಲದಿದ್ರ ನೀ ಹಂಗ ನಿಲ್ಲತಿದ್ದೇನ? ಅದಕ್ಕ ದೇವರು ಅದಾನ ಅಂತ ನಾ ನಂಬೀನಿ."

ಮೃಣಾಲಿನಿ ಅಲ್ಲೇ ನೆಲದ ಮೇಲೆ ಕುಸಿದು ಕೂತಳು. ಯಾರೂ ಅವಳನ್ನು ಏಳು ಅನ್ನಲಿಲ್ಲ.