ಅಕ್ಕನದಕ್ಕಿಂತ ದೊಡ್ಡ ಹಾರ್ಡ್ ಡಿಸ್ಕ್

ಅಪ್ಪನ ವರ್ಷದ ತಿಥಿ ಚಿಂತಾಮಣಿಯಲ್ಲಿ, ಅಕ್ಕನ ಮನೆಯಲ್ಲೇ ಆಯಿತು. ಊಟ ಮುಗಿಸಿ ಎಲ್ಲರೂ ಹಾಲಿನಲ್ಲಿ ಕೂತಿದ್ದಾಗ ಅಕ್ಕ ಬೀರುವಿನಿಂದ ಬೆಂಕಿಪೊಟ್ಟಣದಷ್ಟಿದ್ದ ಕಪ್ಪು ಡ್ರೈವೊಂದನ್ನು ತಂದು ಟಿವಿಗೆ ಸಿಕ್ಕಿಸಿದಳು. ಅಪ್ಪನ ದನಿ ಬಂತು.

ಅಪ್ಪ ಮುರುಗಮಲ್ಲದ ಕಡೆ ಓಡಾಡುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದವರು. ಕೊನೆಗಾಲದಲ್ಲಿ ಹಾಸಿಗೆ ಹಿಡಿದು ಅಕ್ಕನ ಮನೆಯಲ್ಲಿದ್ದರು. ಆಗ ಅವಳು ಅವರಿಂದ ಬಸ್ಸಿನ ಕಥೆಗಳನ್ನು ಹೇಳಿಸಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳಂತೆ. ಅಲ್ಲಿನ ದರ್ಗಾಕ್ಕೆ ಹೊರಟ ಅಜ್ಜಿಯೊಬ್ಬಳು ಬಸ್ಸಿನಲ್ಲೇ ನಿದ್ದೆಹೋಗಿ, ಬಸ್ಸು ತಿರುಗಿ ಚಿಂತಾಮಣಿಗೆ ಬಂದಮೇಲೆ ಎದ್ದು "ದರ್ಗಾ ಬಂತೇನಪ್ಪಾ" ಅಂದಳಂತೆ. ಅದನ್ನು ಹೇಳುತ್ತಾ ಅಪ್ಪ ಕೆಮ್ಮು ಬರುವಷ್ಟು ನಗುತ್ತಿದ್ದರು. ಎಲ್ಲರೂ ಕಣ್ಣೊರೆಸಿಕೊಂಡರು. ಚಿಕ್ಕಮ್ಮ ಅಕ್ಕನ ತಲೆ ಸವರಿ, "ಮಗಳು ಅಂದ್ರೆ ನೀನು ಕಣಮ್ಮ" ಅಂದರು. ನಾನು ಅವರ ಪಕ್ಕದಲ್ಲೇ ಕೂತಿದ್ದೆ.

ನನ್ನೊಡನೆ ಅಪ್ಪ ಹಾಗೆ ನಕ್ಕಿದ್ದು ನನಗೆ ನೆನಪಿಗೇ ಬರಲಿಲ್ಲ.

ಶಿಡ್ಲಘಟ್ಟದ ನಮ್ಮ ಮನೆಗೆ ಬಂದಮೇಲೂ ಚಿಕ್ಕಮ್ಮನ ಮಾತು ಕಿವಿಯಿಂದ ಹೋಗಲಿಲ್ಲ. ಯಜಮಾನರಿಗೆ, "ನಮ್ಮ ಕಂಪ್ಯೂಟರ್ ತುಂಬಿಹೋಗಿದೆ, ಒಂದು ಡ್ರೈವ್ ತಗೊಳ್ಳಣ" ಅಂದೆ. ಚಿಕ್ಕಬಳ್ಳಾಪುರದ ಅಂಗಡಿಗೆ ಹೋದೆವು. ಅಂಗಡಿಯವರು ಕೆಲವನ್ನು ಮುಂದಿಟ್ಟು ಬಿಡಿಸಿ ಹೇಳಿದರು. ಪೆನ್ ಡ್ರೈವ್ ಚಿಕ್ಕದು, ಎಲ್ಲೋ ಬಿದ್ದುಹೋಗುತ್ತೆ. ಹಾರ್ಡ್ ಡಿಸ್ಕಿನಲ್ಲಿ ಜಾಗ ಜಾಸ್ತಿ, ಆದರೆ ಒಳಗೆ ತಟ್ಟೆ ತಿರುಗುತ್ತೆ, ಕೈಜಾರಿದರೆ ಕೆಡಬಹುದು. ಎಸ್‌ಎಸ್‌ಡಿಯಲ್ಲಿ ತಿರುಗುವುದೇನೂ ಇಲ್ಲ, ಬೇಗ ಕಾಪಿಯಾಗುತ್ತೆ.

"ಏನು ಇಡೋಕೆ ಮೇಡಂ?"

"ನಮ್ಮಪ್ಪನ ವಾಯ್ಸು."

"ಬರೀ ವಾಯ್ಸ್ ಆದ್ರೆ ಚಿಕ್ಕದೇ ಸಾಕು. ಎಸ್‌ಎಸ್‌ಡಿ ತಗೊಳ್ಳಿ."

ಅಕ್ಕನ ಹತ್ತಿರ ಇದ್ದದ್ದು ಅದೇ, ಒಂದು ಟಿಬಿ ಜಾಗದ್ದು. ನಾನು ಎರಡು ಟಿಬಿಯ ಹಾರ್ಡ್ ಡಿಸ್ಕ್ ತೋರಿಸಿ ಅದೇ ಕೊಡಿ ಅಂದೆ. ಬಸ್ಸಿನಲ್ಲಿ ಯಜಮಾನರು, "ಅಷ್ಟೊಂದು ಜಾಗದಲ್ಲಿ ಏನ್ ತುಂಬ್ತೀಯಾ?" ಅಂತ ಕೇಳಿದರು. ನನ್ನ ಫೋನಿನಲ್ಲಿ ಅಪ್ಪನದು ಅಂತ ಇದ್ದದ್ದು ಮದುವೆಮನೆಗಳ ಕೆಲವು ಫೋಟೋ, "ಬಸ್ ಹತ್ತಿದೀನಮ್ಮ" ಅನ್ನುವ ಒಂದು ವಾಯ್ಸ್ ಮೆಸೇಜು.

ಕೊನೆಗೆ ಅಕ್ಕನ ಬಳಿಯೇ ಹೋಗಬೇಕಾಯಿತು. ಸತಾಯಿಸುತ್ತಾಳೆ, ಸತಾಯಿಸಿದರೆ ಜಗಳ ಆಡಬಹುದು ಅಂದುಕೊಂಡಿದ್ದೆ. ಅವಳು, "ಎಲ್ಲಾನೂ ಹಾಕ್ಕೋ ಕಣೇ, ನಂದು ಕೆಟ್ಟೋದ್ರೂ ನಿನ್ನ ಹತ್ರ ಇರುತ್ತೆ" ಅಂದು ಕಾಪಿಗೆ ಹಾಕಿ, ಕಾಫಿ ಮಾಡಲು ಒಳಗೆ ಹೋದಳು. ಅದಕ್ಕೂ ನನಗೆ ಸಿಟ್ಟು ಬಂತು.

ಆಮೇಲೆ ಮಧ್ಯಾಹ್ನಗಳಲ್ಲಿ ಒಂದೊಂದಾಗಿ ಕೇಳತೊಡಗಿದೆ. ಒಂದು ರೆಕಾರ್ಡಿಂಗಿನಲ್ಲಿ ಕಥೆ ಮುಗಿದ ಮೇಲೂ ಅಕ್ಕ ಫೋನ್ ಆಫ್ ಮಾಡುವುದನ್ನು ಮರೆತಿದ್ದಳು. ಮಂಚ ಕಿರುಗುಟ್ಟುವ ಸದ್ದು, ಬಕೆಟ್ಟಿನ ಸದ್ದು. "ಸೊಂಟ ಎತ್ತಪ್ಪ, ಪಂಚೆ ಬದಲಾಯಿಸ್ತೀನಿ." ಅಪ್ಪ ರೇಗಿದರು. "ಮೆತ್ತಗೆ ಹಿಡಿಯೋಕೆ ಬರಲ್ವಾ ನಿಂಗೆ? ಚಿಕ್ಕೋಳು ಇದ್ದಿದ್ರೆ ಹಿಂಗ್ ಮಾಡ್ತಿರ್ಲಿಲ್ಲ. ಅವಳ ಕೈ ಹೂವು."

ಬಕೆಟ್ಟಿನಲ್ಲಿ ಬಟ್ಟೆ ಹಿಂಡಿದ ಸದ್ದು. ಆಮೇಲೆ ಅಕ್ಕ, "ಹೂಂ ಅಪ್ಪ, ಅವಳೇ ಒಳ್ಳೇವಳು. ಈಗ ಕಾಲೆತ್ತು" ಅಂದಳು.

ನಾನು ಅಪ್ಪನ ಪಂಚೆ ಬದಲಾಯಿಸಿದವಳಲ್ಲ. ಹಣ್ಣು ತಗೊಂಡು ಹೋಗಿ, ಸಾಯಂಕಾಲದ ಬಸ್ಸಿಗೆ ವಾಪಸ್ ಬರುತ್ತಿದ್ದವಳು.

ಅಕ್ಕನಿಗೆ ಫೋನ್ ಮಾಡಿದೆ. "ಅಪ್ಪ ನಿನ್ನ ಬೈದಿರೋದು ಅದರಲ್ಲಿದೆ. ನೋಡ್ಕೊಂಡಿಲ್ವಾ?"

"ಕೇಳಿದೀನಿ."

"ಮತ್ತೆ ಯಾಕೆ ಅಳಿಸಲಿಲ್ಲ?"

"ಬೈದಿದ್ದೂ ಅಪ್ಪಾನೇ ಅಲ್ವೇನೇ." ಮತ್ತೆ ಅಂದಳು: "ಆವಾಗೆಲ್ಲ ನಿನ್ನ ಮೇಲೆ ಹೊಟ್ಟೆ ಉರೀತಿತ್ತು ಕಣೇ. ನೀನು ಬರೋ ದಿನ ಬೆಳಗ್ಗೆಯಿಂದ್ಲೇ ಬಾಗಿಲು ನೋಡ್ತಿದ್ರು."

ಅದು ಗೊತ್ತಾದಮೇಲೆ ನನ್ನ ಉರಿ ಆರಬೇಕಿತ್ತು. ಆರಲಿಲ್ಲ. ಅಪ್ಪ ನನ್ನ ಮೇಲೆ ಒಮ್ಮೆಯೂ ಹಾಗೆ ರೇಗಿದವರಲ್ಲ. ನಾನು ಹೋದಾಗ ಎದ್ದು ಕೂತು, ಮೇಲೊಂದು ಶರ್ಟು ಹಾಕಿಸಿಕೊಂಡು, ನೆಂಟರನ್ನು ಮಾತಾಡಿಸುವ ಹಾಗೆ ಮಾತಾಡಿಸುತ್ತಿದ್ದರು.