ಕಾಣದ ಬೆಂಕಿಗೆ ಹಿಡಿದ ಪೊರಕೆ

ಗಿಡುಗ ಬೆನ್ನಡಿಯಾಗಿ ಬಿದ್ದಿದೆ. ಹೊಟ್ಟೆ ಆಕಾಶಕ್ಕೆ, ರೆಕ್ಕೆಗಳು ಅಗಲಕ್ಕೆ. ಹೊತ್ತು ಹುಟ್ಟಲು ಇನ್ನೂ ಸ್ವಲ್ಪ ಸಮಯವಿದೆ. ತಂತಿಬೇಲಿಯ ಮೇಲೆ ಕಾಗೆಗಳು ಒಂದೊಂದಾಗಿ ಬಂದು ಕೂರುತ್ತಿವೆ. ಒಂದೂ ಕೂಗುವುದಿಲ್ಲ. ಸತ್ತ ಹಕ್ಕಿಯನ್ನು ಕಂಡರೆ ಕಾಗೆಗಳು ಹೀಗೆ ನೆರೆಯುವುದುಂಟು. ಆದರೆ ಈ ಗಿಡುಗ ನಿನ್ನೆಯೂ ಇಲ್ಲೇ ಸತ್ತು ಬಿದ್ದಿತ್ತು, ಮೊನ್ನೆಯೂ.

"ಬಂದ್ರಾ, ಕೂತ್ಕೊಳ್ಳಿ. ಈಗ ಏಳ್ತಾನೆ," ಎಂದು ಕಾಗೆಗಳಿಗೆ ಹೇಳುತ್ತಾರೆ ಗಿಡುಗದಕ್ಕ.

ಈ ಸಣ್ಣ ವಿಮಾನ ನಿಲ್ದಾಣದಲ್ಲಿ ಎಲ್ಲರೂ ಅವರನ್ನು ಕರೆಯುವುದು ಹಾಗೆಯೇ. ದಿನದ ಮೊದಲ ವಿಮಾನ ಇಳಿಯುವ ಮುನ್ನ ರನ್‌ವೇಯಿಂದ ಹಕ್ಕಿಗಳನ್ನು ಓಡಿಸುವುದು ಅವರ ಕೆಲಸ. ಅದಕ್ಕಾಗಿ ಇರುವುದು ಹಗುರ ಮರದಲ್ಲಿ ಕಟ್ಟಿದ, ರಿಮೋಟ್‌ನಿಂದ ಹಾರುವ ಈ ಗಿಡುಗ. ಒಂಬತ್ತು ವರ್ಷಗಳಿಂದ ದಿನಕ್ಕೆ ಆರು ಹಾರಾಟ. ಒಂದೊಂದೂ ಏಳೆಂಟು ನಿಮಿಷ.

ಗಿಡುಗದೊಳಗಿನ ಪುಟ್ಟ ಇಂಜಿನ್ ಓಡುವುದು ಮೆಥನಾಲ್ ಮತ್ತು ಹರಳೆಣ್ಣೆಯ ಮಿಶ್ರಣದಿಂದ. ಅದನ್ನು ಕೂರಿಸಿರುವುದು ತಲೆಕೆಳಗಾಗಿ. ಸಿಲಿಂಡರಿನ ತಲೆ ಗಿಡುಗದ ಕೊರಳ ಉಬ್ಬಿನೊಳಗೆ ಅಡಗುತ್ತದೆ. "ನೆಟ್ಟಗೆ ಕೂರ್ಸಿದ್ರೆ ನೆತ್ತಿ ಮೇಲೆ ಕೊಂಬು ಬಂದ ಹಾಗೆ ಕಾಣುತ್ತೆ. ಮನುಷ್ಯರ ಕಿವಿ ಮೇಲೆ ಹೂ ಇಡಬಹುದು, ಕಾಗೆ ಕಿವಿ ಮೇಲೆ ಇಡೋಕಾಗಲ್ಲ."

ತಲೆಕೆಳಗಾದ ಇಂಜಿನ್ನಿಗೆ ಒಂದು ಕೆಟ್ಟ ಚಾಳಿಯಿದೆ. ಟ್ಯಾಂಕಿನಿಂದ ಜಿನುಗಿದ ಇಂಧನ ಸಿಲಿಂಡರಿಗೆ ಇಳಿದು ತುಂಬಿಕೊಳ್ಳುತ್ತದೆ. ಗಾಳಿಯನ್ನು ಒತ್ತಿ ಕುಗ್ಗಿಸಬಹುದು, ದ್ರವವನ್ನಲ್ಲ. ಅದು ತಿಳಿಯದೆ ಬ್ಯಾಟರಿ ಸ್ಟಾರ್ಟರ್ ಒತ್ತಿದರೆ ಒಳಗಿನ ಪಿಸ್ಟನ್ನಿನ ದಂಡವೇ ಮುರಿಯುತ್ತದೆ. ಆದ್ದರಿಂದಲೇ ಗಿಡುಗವನ್ನು ಅಂಗಾತ ಮಲಗಿಸಿ, ಇಂಜಿನ್ನಿನ ತಲೆ ಮೇಲೆ ಬರುವಂತೆ ಮಾಡಿಕೊಂಡು ಚಾಲೂ ಮಾಡುತ್ತಾರೆ. ಪ್ಲಗ್ಗಿಗೆ ಬ್ಯಾಟರಿಯ ತಂತಿ ಸಿಕ್ಕಿಸುವ ಮೊದಲು ಗಿಡುಗದ ಮೂತಿಯ ಪಂಖವನ್ನು ಕೈಯಿಂದ ನಾಲ್ಕು ಸುತ್ತು ತಿರುಗಿಸುತ್ತಾರೆ. ಒಳಗೆ ಇಂಧನ ತುಂಬಿದ್ದರೆ ಅದು ತಿರುಗದೆ ನಿಲ್ಲುತ್ತದೆ.

ಮೊದಲು ಈ ಕೆಲಸ ಅವರ ಅಣ್ಣನದಾಗಿತ್ತು. ಒಂದು ದಿನ ತಡವಾಗಿತ್ತು. ಆ ನಾಲ್ಕು ಸುತ್ತು ತಿರುಗಿಸದೆಯೇ ಸ್ಟಾರ್ಟರ್ ಒತ್ತಿದರು. ದಂಡ ಮುರಿದು ಇಂಜಿನ್ ಬಿರುಕು ಬಿಟ್ಟಿತು, ಚೆಲ್ಲಿದ ಇಂಧನ ಹೊತ್ತಿಕೊಂಡಿತು. ಮೆಥನಾಲಿನ ಜ್ವಾಲೆ ಕತ್ತಲಲ್ಲಾದರೆ ತೆಳು ನೀಲಿಯಾಗಿ ಕಾಣುತ್ತದೆ, ಬಿಸಿಲಲ್ಲಿ ಕಾಣುವುದೇ ಇಲ್ಲ. ಅಂದು ಬಿಸಿಲು ಬಂದಾಗಿತ್ತು.

"ಅಣ್ಣ ಗಿಡುಗ ಎತ್ತೋಕೆ ಕೈ ಹಾಕ್ದ. ನಾನು ಪಕ್ಕದಲ್ಲೇ ಇದ್ದೆ. ಬೆಂಕಿ ಎಲ್ಲೂ ಇರ್ಲಿಲ್ಲ. ಅವನ ಕೈ ಮಾತ್ರ ಬೇಯ್ತಾ ಇತ್ತು."

ಅಣ್ಣನ ಎಡಗೈಯ ಮೂರು ಬೆರಳುಗಳು ಈಗ ಅಂಟಿಕೊಂಡು ಒಂದೇ ಆಗಿವೆ. ಉಳಿದ ಬೆರಳುಗಳಲ್ಲೇ ಅವರು ಈ ಎರಡನೆಯ ಗಿಡುಗವನ್ನು ಕಟ್ಟಿ ತಂಗಿಗೆ ಕೊಟ್ಟರು. ಜೊತೆಗೆ ಒಂದು ಹುಲ್ಲಿನ ಪೊರಕೆಯನ್ನೂ.

ಇವತ್ತು ಪಂಖ ಮೂರನೆಯ ಸುತ್ತಿಗೆ ಗಟ್ಟಿಯಾಗಿ ನಿಲ್ಲುತ್ತದೆ. ಶೆಡ್ಡಿನಿಂದ ಹೊತ್ತು ತರುವಾಗ ಇಂಧನದ ಕೊಳವೆಗೆ ಹಾಕಿದ್ದ ಕ್ಲಿಪ್ಪು ಜಾರಿ, ಇಂಧನ ಒಳಗಿಳಿದಿದೆ. ಅಕ್ಕ ಕೈ ತೆಗೆಯುತ್ತಾರೆ. ಆಗಲೇ ರನ್‌ವೇ ಗಸ್ತಿನವನು ವೈರ್‌ಲೆಸ್ ಹಿಡಿದು ಬರುತ್ತಾನೆ. ಬರುತ್ತಿರುವ ವಿಮಾನದಲ್ಲಿ ಹತ್ತೊಂಬತ್ತು ಜನ. ಏಳು ನಿಮಿಷ ಉಳಿದಿದೆ. ರನ್‌ವೇ ತುಂಬ ಕೊಕ್ಕರೆ.

"ಸ್ಟಾರ್ಟರ್ ಕೊಟ್ಟಿರೋದು ಪೂಜೆಗಾ ಅಕ್ಕ? ಒತ್ತಿ."

"ಹೊಟ್ಟೆ ತುಂಬ ನೀರು ಕುಡ್ದವನನ್ನ ಓಡಿಸ್ತೀಯೇನೋ?"

"ವಿಮಾನ ಮೇಲೇ ಸುತ್ತು ಹಾಕ್ಬೇಕಾಗುತ್ತೆ."

"ಹಾಕ್ಲಿ. ಅದಕ್ಕೆ ರೆಕ್ಕೆ ಇದೆ. ನನಗಿರೋದು ಬೆರಳು."

ಪ್ಲಗ್ ಬಿಚ್ಚುತ್ತಾರೆ. ಗಿಡುಗವನ್ನು ಮಗುಚಿ ಪಂಖ ತಿರುಗಿಸಿದಾಗ ಇಂಧನ ಪಿಚಕ್ಕನೆ ಹಾರುತ್ತದೆ. ಚೆಲ್ಲಿದ್ದನ್ನು ಒರೆಸಿ, ಮತ್ತೆ ಮಲಗಿಸಿ, ಹೊಸ ಪ್ಲಗ್ ಹಾಕಿ, ಮತ್ತೆ ನಾಲ್ಕು ಸುತ್ತು. ತಂತಿ ಸಿಕ್ಕಿಸಿ, ರಬ್ಬರ್ ಸುತ್ತಿದ ಕೋಲಿನಿಂದ ಪಂಖವನ್ನು ತಟ್ಟುತ್ತಾರೆ. ಇಂಜಿನ್ ಒಮ್ಮೆ ಕೆಮ್ಮಿ ಸುಮ್ಮನಾಗುತ್ತದೆ. ಹೊತ್ತು ಹುಟ್ಟಿದೆ. ವಿಮಾನದ ಸದ್ದು ತಲೆಯ ಮೇಲೆ ಬಂದು, ಇಳಿಯದೆ, ದೂರವಾಗುತ್ತದೆ.

"ಕೊಡಿ, ನಾನು ನೋಡ್ತೀನಿ," ಎಂದು ಗಸ್ತಿನವನು ಬಾಗುತ್ತಾನೆ. ಅವನ ಎದೆಗೆ ಅಡ್ಡಲಾಗಿ ಪೊರಕೆ ಬರುತ್ತದೆ.

"ನಿಂತ್ಕೋ."

ಅಕ್ಕ ಪೊರಕೆಯ ತುದಿಯನ್ನು ನಿಧಾನವಾಗಿ ಗಿಡುಗದ ಕೊರಳಿನತ್ತ ಚಾಚುತ್ತಾರೆ. ಅಲ್ಲಿ ಏನೂ ಇಲ್ಲ. ಬೆಳಗಿನ ಗಾಳಿ, ಹರಳೆಣ್ಣೆಯ ವಾಸನೆ, ಅಷ್ಟೆ. ಆ ಖಾಲಿ ಜಾಗದಲ್ಲಿ ಹುಲ್ಲು ಕೆಂಪಾಗಿ, ಮುರುಟಿ, ಕಪ್ಪಾಗುತ್ತದೆ. ಬೇಲಿಯ ಕಾಗೆಗಳು ಒಟ್ಟಿಗೆ ಒಂದು ಗೇಣು ಹಿಂದೆ ಸರಿಯುತ್ತವೆ. ಅವರು ಬಕೆಟ್ಟಿನಿಂದ ಒದ್ದೆ ಗೋಣಿಯನ್ನೆತ್ತಿ ಆ ಏನೂ ಇಲ್ಲದ್ದರ ಮೇಲೆ ಮುಚ್ಚುತ್ತಾರೆ. ಚುಸ್ಸೆಂದು ಸದ್ದಾಗುತ್ತದೆ. ಗಸ್ತಿನವನು ತನ್ನ ಕೈಯನ್ನೇ ನೋಡಿಕೊಳ್ಳುತ್ತಾನೆ.

ಮತ್ತೆ ಪೊರಕೆ ಚಾಚಿ ನೋಡುತ್ತಾರೆ. ಈ ಸಲ ಹುಲ್ಲು ಹಾಗೇ ಇದೆ. ಎಲ್ಲವನ್ನೂ ಒರೆಸಿ, ಮತ್ತೆ ನಾಲ್ಕು ಸುತ್ತು. ಕೋಲಿನ ಎರಡನೆಯ ತಟ್ಟಿಗೆ ಇಂಜಿನ್ ಎಚ್ಚರಾಗುತ್ತದೆ. ಪಂಖದ ಹಿಂದಿನಿಂದ ಕೈ ತಂದು ತಂತಿ ಕೀಳುತ್ತಾರೆ, ಗಿಡುಗವನ್ನು ಮಗುಚಿ ನೆಲಕ್ಕಿಡುತ್ತಾರೆ. ಸತ್ತ ಗಿಡುಗ ಓಡಿ, ಏರಿ, ರನ್‌ವೇಯ ಮೇಲೆ ನೆರಳು ಚೆಲ್ಲುತ್ತದೆ. ಕೊಕ್ಕರೆಗಳು ಒಂದೇ ಬಿಳಿ ಬಟ್ಟೆಯಂತೆ ಎದ್ದು ಹೋಗುತ್ತವೆ.

ವಿಮಾನ ಇಳಿದಾಗ ಒಂಬತ್ತು ನಿಮಿಷ ತಡ. ತಡ ಯಾಕೆಂದು ಇಳಿದವರೊಬ್ಬರು ಗೊಣಗುತ್ತಾ ಹೋಗುತ್ತಾರೆ. ಕಾರಣ ಕೇಳುವ ಪತ್ರ ಸಂಜೆಯೊಳಗೆ ಕೈಗೆ ಬರುತ್ತದೆಂದು ಅಕ್ಕನಿಗೆ ಗೊತ್ತು. "ಬರ್ಲಿ ಬಿಡಿ. ಪತ್ರ ಹಿಡಿಯೋಕೂ ಕೈ ಬೇಕಲ್ಲ."

ಆಸೆ ಏನೆಂದು ಕೇಳಿದರೆ ಪೊರಕೆಯ ಸುಟ್ಟ ತುದಿಯನ್ನು ಕತ್ತರಿಸುತ್ತಾ ಹೇಳುತ್ತಾರೆ: "ಇದು ಐದನೇದು. ಮುಂದಿನದಾದ್ರೂ ಗುಡಿಸಿ ಗುಡಿಸಿ ಸವೀಲಿ."

ಅಷ್ಟರಲ್ಲಿ ಫೋನು. ಬೇಲಿಯಾಚೆಯ ಮನೆಯ ಕಿಟಕಿಯಲ್ಲಿ ಕೂತು ಇಂಜಿನ್ನಿನ ಸದ್ದಿಗೆ, ಅದಕ್ಕಿಂತ ಹೆಚ್ಚಾಗಿ ಅದು ನಿಂತುಹೋದ ಹೊತ್ತಿಗೆ ಕಿವಿಗೊಟ್ಟಿದ್ದ ಅಣ್ಣನದು. ದಿನವೂ ಅವರು ಕೇಳುವುದು ಒಂದೇ ಮಾತು.

"ಬೆರಳು?"

ಅಕ್ಕ ಕಿಟಕಿಯತ್ತ ತಿರುಗಿ, ಫೋನನ್ನು ಭುಜಕ್ಕೆ ಒತ್ತಿಕೊಂಡು, ಎರಡೂ ಕೈಗಳನ್ನು ಬಿಸಿಲಿಗೆ ಎತ್ತಿ ಹಿಡಿಯುತ್ತಾರೆ.

"ಹತ್ತೂ ಇವೆ ಕಣೋ. ಟೀ ಕುಡಿ."