ಸ್ಕಿಪ್ಟನ್‌ಗೆ ಅರ್ಧ ಗಂಟೆ

ವಾಸಣ್ಣ ಅಂಕಲ್ ಯಾವ ಪ್ರೇಕ್ಷಣೀಯ ಸ್ಥಳಕ್ಕೆ ಹೋದರೂ ಅದಕ್ಕೆ ಬೆನ್ನು ಹಾಕಿ ಕೂರುತ್ತಿದ್ದರು. ಸಿಡ್ನಿಯ ಬಂದರಿನಲ್ಲಿ ನಾವೆಲ್ಲ ಸೇತುವೆ ನೋಡುತ್ತಿದ್ದರೆ, ಅವರು ಬೆಂಚಿನಲ್ಲಿ ತಿರುಗಿ ಕುಳಿತು ನಮ್ಮನ್ನು ನೋಡುತ್ತಿದ್ದರು. “ಸೇತುವೆ ಎಲ್ಲಿಗೂ ಹೋಗುವುದಿಲ್ಲ ಮಾರಾಯ, ಜನ ಹೋಗ್ತಾರೆ,” ಎನ್ನುತ್ತಿದ್ದರು.

ಉಡುಪಿ ಕಡೆಯವರು. ವೆಸ್ಟ್‌ಮೀಡ್‌ನಲ್ಲಿ ನಮ್ಮ ಪಕ್ಕದ ಫ್ಲ್ಯಾಟು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ. ನಾನು ಮೈಸೂರಿನಿಂದ ಬಂದ ಕಂಪ್ಯೂಟರ್ ಪ್ರಾಣಿ. ಪಿಆರ್, ಅಂದರೆ ಆಸ್ಟ್ರೇಲಿಯಾದಲ್ಲಿ ಕಾಯಂ ಇರುವ ಪರವಾನಗಿ, ಸಿಕ್ಕಿದ್ದೇ ತಡ, ಪ್ರಪಂಚವನ್ನೆಲ್ಲ ನೋಡಿಬಿಡುವ ಉಮೇದು. ಹೊಸ ಡಿಜಿಟಲ್ ಕ್ಯಾಮೆರಾ ಬೇರೆ. ಉತ್ತರ ಇಂಗ್ಲೆಂಡ್ ಸುತ್ತಲು ಹೊರಟಿದ್ದೇನೆ ಎಂದಾಗ ಅಂಕಲ್, “ನಾನೂ ಬರ್ಲಾ?” ಎಂದರು. ಹರೆಯದಲ್ಲಿ ಅಲ್ಲಿಯ ಸ್ಕಿಪ್ಟನ್ ಎಂಬ ಊರಿನಲ್ಲಿದ್ದು ಲ್ಯಾಬ್ ಕೆಲಸ ಕಲಿತಿದ್ದರಂತೆ. ಕಾಮಾಲೆಯಾಗಿ ಮಲಗಿದ್ದಾಗ ಮನೆಯೊಡತಿ ಮಾರ್ಗರೆಟ್, ಇವರಿಂದಲೇ ಕೇಳಿ ಕಲಿತು, ಎರಡು ತಿಂಗಳು ಗಂಜಿ ಬೇಯಿಸಿ ಹಾಕಿದ್ದರು. “ಇದ್ದಾರೋ ಇಲ್ವೋ ಗೊತ್ತಿಲ್ಲ. ಒಂದು ಸಲ ಬಾಗಿಲು ತಟ್ಟಿ ನೋಡ್ಬೇಕು. ಬೇರೆ ಎಂತದೂ ಬೇಡ ನನಗೆ.” ಮಗಳ ಬಾಣಂತನದಲ್ಲಿದ್ದ ಆಂಟಿ, ಮಾರ್ಗರೆಟಮ್ಮನಿಗೆಂದು ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಕಟ್ಟಿಕೊಟ್ಟರು.

ನಾನು ಆಫೀಸಿನ ಪ್ರಾಜೆಕ್ಟಿನಂತೆ ಪ್ರವಾಸಕ್ಕೂ ಪಟ್ಟಿ ಮಾಡಿದ್ದೆ. ಯಾರ್ಕಿನ ದೊಡ್ಡ ಚರ್ಚಿಗೆ ನಲವತ್ತು ನಿಮಿಷ, ಕೋಟೆಗೋಡೆಗೆ ಇಪ್ಪತ್ತು, ಕುರಿಗಳಿಗೆ ಐದು. ಕಲ್ಲುಗೋಡೆಗಳ ನಡುವಿನ ಹಸಿರು ಗುಡ್ಡಗಳನ್ನು ನಾನು ಕಂಡದ್ದು ಬಹುಪಾಲು ಎರಡಿಂಚಿನ ಪರದೆಯಲ್ಲೇ. ಸ್ಕಿಪ್ಟನ್‌ಗೆ ಉದಾರವಾಗಿ ಅರ್ಧ ಗಂಟೆ ಕೊಟ್ಟಿದ್ದೆ. ಆದರೆ ಆ ಬೆಳಿಗ್ಗೆ ಒಂದು ಪಾಳು ಮಠದ ಮುಂದೆ ಅಂಕಲ್ ಕೈಲಿ ನನ್ನ ಫೋಟೋ ಹದಿನೇಳು ಸಲ ತೆಗೆಸಿ ತಡಮಾಡಿಕೊಂಡೆ. ವಿಂಡರ್‌ಮಿಯರ್ ಸರೋವರದ ದೋಣಿ ಬುಕ್ ಆಗಿತ್ತು.

“ಅಂಕಲ್, ವಾಪಸ್ ಬರ್ತಾ ಸ್ಟಾಪ್ ಮಾಡೋಣ. ಪಕ್ಕಾ,” ಎಂದೆ.

“ಆಯ್ತು, ನಿನ್ನ ಬೋಟು ತಪ್ಪುವುದು ಬೇಡ.” ಕಾರು ಸ್ಕಿಪ್ಟನ್ ದಾಟುವವರೆಗೂ ಅವರು ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದರು.

ಸರೋವರದ ಮೇಲೆ ದಟ್ಟ ಮಂಜು. ನನ್ನ ತೊಂಬತ್ತು ಫೋಟೋಗಳಲ್ಲಿ ಬೂದು ಬಣ್ಣ ಬಿಟ್ಟರೆ ಬೇರೇನೂ ಬರಲಿಲ್ಲ. ವಾಪಸು ಹೋಗುವ ವಿಮಾನ ಮ್ಯಾಂಚೆಸ್ಟರಿನಿಂದ, ಅದು ಸ್ಕಿಪ್ಟನ್ ಸಿಗದ ಬೇರೆಯೇ ದಾರಿ ಎಂಬುದು ಪಟ್ಟಿಯಲ್ಲೇ ಇತ್ತು. ಪಟ್ಟಿ ಮಾಡಿದ ಮಹಾಶಯನೇ ಅದನ್ನು ಓದಿರಲಿಲ್ಲ. ಕೊನೆಯ ದಿನ ಬೆಳಿಗ್ಗೆ ಅದು ಗೊತ್ತಾದಾಗ ಅಂಕಲ್ ಬೈಯಲಿಲ್ಲ. ರೂಮಿನಲ್ಲೇ ತಮ್ಮ ಪುಟ್ಟ ಕುಕ್ಕರಿನಲ್ಲಿ ಗಂಜಿ ಮಾಡಿ, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ತೆಗೆದರು. “ತಿನ್ನು. ವಾಪಸ್ ತಕೊಂಡು ಹೋದ್ರೆ ಸಿಡ್ನಿ ಏರ್‌ಪೋರ್ಟಲ್ಲಿ ಬಿಸಾಡ್ತಾರೆ.” ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆದರೂ ತಿಂದೆ.

ಆಮೇಲೆ ಕೆಲಸ ನನ್ನನ್ನು ಮೆಲ್ಬರ್ನ್‌ಗೆ ಎಳೆದೊಯ್ದಿತು. ಡಾಕ್‌ಲ್ಯಾಂಡ್ಸ್‌ನ ಆಫೀಸಿಗೆ ಅವರು ಆಗಾಗ ಫೋನ್ ಮಾಡಿ, “ಎಂತ, ಟ್ರಾಮಲ್ಲಿ ಜನ ಉಂಟಾ?” ಎಂದು ಕೇಳುತ್ತಿದ್ದರು. ಮೂರು ವರ್ಷಕ್ಕೆ ಹೃದಯಾಘಾತವಾಗಿ ತೀರಿಕೊಂಡರು. ನಾನು ಹೋಗುವಷ್ಟರಲ್ಲಿ ಕ್ರಿಯೆಗಳೂ ಮುಗಿದಿದ್ದವು. ಆಂಟಿ ಕಾಫಿ ಕೊಟ್ಟು ಪಕ್ಕದಲ್ಲಿ ಕುಳಿತರು.

“ನೀನು ದೊಡ್ಡ ಉಪಕಾರ ಮಾಡಿದೆ ಮಗ. ನಿನ್ನಿಂದಾಗಿ ಮಾರ್ಗರೆಟಮ್ಮ ಸಿಕ್ಕಿದ್ರು ಅಂತ ಬಂದವರ ಹತ್ರ ಎಲ್ಲ ಹೇಳ್ತಿದ್ರು. ಬಾಗಿಲಲ್ಲೇ ಗುರ್ತು ಹಿಡಿದ್ರಂತಲ್ಲ?”

ಕಾಫಿ ಲೋಟ ಕೆಳಗಿಟ್ಟೆ. ನನ್ನ ಮರ್ಯಾದೆ ಉಳಿಸಲು ಅವರು ಅಷ್ಟು ವರ್ಷ ಹೆಂಡತಿಗೂ ಸುಳ್ಳು ಹೇಳಿದ್ದರು. ಅವರು ಅಂದೇ ನಾಲ್ಕು ಬೈದಿದ್ದರೆ ಎಷ್ಟೋ ವಾಸಿಯಿತ್ತು.

“ಹೌದು ಆಂಟಿ,” ಎಂದೆ.

“ಉಪ್ಪಿನಕಾಯಿ ಹೇಗಿತ್ತಂತೆ? ಅದೊಂದು ಇವರು ಹೇಳ್ಲೇ ಇಲ್ಲ.”

“ತುಂಬಾ ಚೆನ್ನಾಗಿತ್ತು ಆಂಟಿ.”